ಕಲಾಯಿ ಹೋದ ಪರಾತ

ಒಂಬತ್ತನೆಯ ಕೋಳಿಮರಿಯೂ ಸತ್ತದ್ದು ಕಂಡು ಚಂದಮ್ಮ ಅಲ್ಲೇ ಕುಕ್ಕರಿಸಿದಳು. ಕೆಲವು ದಿನಗಳಿಂದ ಹೀಗೇ, ಸಂಜೆ ಜಗಳಾಡಿಕೊಂಡು ನುಚ್ಚು ತಿಂದ ಮರಿಗಳು ಬೆಳಗಾಗುವಷ್ಟರಲ್ಲಿ ಒಂದೊಂದಾಗಿ ರೆಕ್ಕೆ ಜೋತುಬಿಟ್ಟು ಬಿದ್ದಿರುತ್ತಿದ್ದವು. ಇನ್ನೊಂದು ತಿಂಗಳು ಬದುಕಿದ್ದರೆ ಕಲಬುರ್ಗಿಯ ಶಹಾಬಜಾರದ ಖಾನಾವಳಿಗೆ ಮಾಂಸಕ್ಕೆ ಹೋಗುತ್ತಿದ್ದವು. ಹಾಳಾಗಿ ಹೋಗಲಿ ಮರಿಗಳು! ಒಳಗೆ ತೊಟ್ಟಿಲಲ್ಲಿ ಮಗಳು ಶೇವಂತಾಳ ಹಸುಗೂಸು ಮಲಗಿತ್ತು. ಇವತ್ತು ಮಕ್ಬೂಲನ ದೆವ್ವ ಕೋಳಿಮರಿ ಒಯ್ದಿತು. ನಾಳೆ ಕೂಸನ್ನು ಒಯ್ದರೆ?

ಮಕ್ಬೂಲ ಎದುರುಮನೆಯವನು, ಕಮಲಾಪುರದ ಪಾತ್ರೆಗಳಿಗೆಲ್ಲ ಒಳಗೆ ತವರ ಬಳಿದು ಕಲಾಯಿ ಹಾಕುತ್ತಿದ್ದವನು. ನಿಜಾಮನ ಆಳ್ವಿಕೆ ಮುಗಿಸಿದ ಪೋಲೀಸ್ ಆಕ್ಷನ್ ಆದ ವಾರ, ಊರಲ್ಲಿ ಹೇಳುವವರು ಕೇಳುವವರು ಇಲ್ಲದೆ ಮುಸಲ್ಮಾನರನ್ನು ಅಟ್ಟಾಡಿಸಿ ಕೊಲ್ಲುತ್ತಿದ್ದಾಗ, ಅವನು ಓಡಿಬಂದು ಚಂದಮ್ಮನ ಕದ ಬಡಿದಿದ್ದ.

"ಅಕ್ಕಾ, ಒಳಗ ಬಿಡು."

ಇವಳು ಉಸಿರು ಬಿಗಿಹಿಡಿದು ಕೂತಳು, ಕದ ತೆಗೆಯಲಿಲ್ಲ. ಮರುದಿನ ಅವನ ಹೆಣ ಹಳ್ಳದಲ್ಲಿ ಸಿಕ್ಕಿತು. ಆಮೇಲೆ ಆ ಖಾಲಿ ಮನೆಯಿಂದ ಓಣಿಯವರೆಲ್ಲ ಕೈಗೆ ಸಿಕ್ಕಿದ್ದು ಹೊತ್ತೊಯ್ದರು. ಚಂದಮ್ಮನೇನು ಕಡಿಮೆಯೇ? ಹಿಟ್ಟು ನಾದುವ ಅಗಲವಾದ ಒಂದು ತಾಮ್ರದ ಪರಾತ ತಂದಳು. ತಂದಳೇ ಹೊರತು ಬಳಸಲು ಧೈರ್ಯ ಬರಲಿಲ್ಲ. ಎರಡನೆಯ ಬೇಸಿಗೆಗೆ, ಮರಿಗಳಿಗೆ ತಂಪಾಗಲೆಂದು, ಹುಳಿ ಮಜ್ಜಿಗೆಯಲ್ಲಿ ಜೋಳದ ನುಚ್ಚು ನೆನೆಹಾಕಲು ಅದನ್ನು ಅಟ್ಟದಿಂದ ಇಳಿಸಿದಳು. ಮನುಷ್ಯರು ಉಣ್ಣುವುದಕ್ಕೇನೂ ಅಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಮರಿಗಳು ಸಾಯತೊಡಗಿದ ಮೇಲೆ ದಿನಾ ಮುಸ್ಸಂಜೆ ಎದುರುಮನೆಯತ್ತ ಕೈಮುಗಿದು, "ತಮ್ಮಾ, ತಪ್ಪಾತೋ, ಸಿಟ್ಟು ಬಿಡೋ" ಎಂದು ಗೋಗರೆಯುತ್ತಿದ್ದಳು.

ಕೊನೆಗೆ ಸತ್ತ ಮರಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಕಲಬುರ್ಗಿಯ ದನದ ದವಾಖಾನೆಗೆ ಹೋದಳು. ಡಾಕ್ಟರ್ ಹಣಮಂತರಾಯರು ಮರಿಯನ್ನು ಕೊಯ್ದರು. ಕಾಳು ಅರೆಯುವ ಹೊಟ್ಟೆಯ ಚೀಲ ಒಳಗೆಲ್ಲ ಹಸಿರುಗಟ್ಟಿ ಬಿರಿದಿತ್ತು.

"ಏನ್ ತಿನಸ್ತಿ ಯವ್ವಾ? ಯಾತರಾಗ ಇಡ್ತಿ?"

ಹೇಳಿದಳು.

"ಕಲಾಯಿ ಹೋದ ತಾಮ್ರದಾಗ ಹುಳಿ ಇಟ್ರ ವಿಷ ಆಗ್ತದ. ಅದಕ್ಕ ಸತ್ತಾವ."

"ದೆವ್ವಿನ ಕಾಟ ಅಲ್ಲೇನ್ರೀ?"

"ಸತ್ತವರಿಗಿ ನಿನ್ನ ಕೋಳಿ ಕಾಯೋದೇ ಕೆಲ್ಸೇನು?" ಅವರು ನಕ್ಕರು. "ನಿಮ್ಮೂರಾಗ ಕಲಾಯಿ ಹಾಕವ್ರು ಯಾರೂ ಇಲ್ಲೇನು?"

"ಒಬ್ಬಾಂವ ಇದ್ದನ್ರೀ," ಎಂದಳು ಚಂದಮ್ಮ.

ಕೂಸಿಗೆ ಏನೂ ಆಗುವುದಿಲ್ಲ! ಬಸ್ಸಿನಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಮನೆಗೆ ಬಂದವಳೇ ಮಗಳಿಗೆ ಎಲ್ಲ ಹೇಳಿದಳು. ಮುಸ್ಸಂಜೆಗೆ ರೂಢಿಯಂತೆ ಹೊರಗೆ ಬಂದು, ಎದುರುಮನೆಯತ್ತ ಕೈಯೆತ್ತಿ "ತಮ್ಮಾ" ಅಂದಳು. ಎತ್ತಿದ ಕೈ ಹಾಗೇ ಕೆಳಗಿಳಿಸಿದಳು. ಸಿಟ್ಟಾದವನು ಅಲ್ಲಿದ್ದಿದ್ದರೆ ಕಾಲಾದರೂ ಹಿಡಿದು ಕ್ಷಮೆ ಕೇಳಬಹುದಿತ್ತು. ಅಲ್ಲಿ ಯಾರೂ ಇರಲಿಲ್ಲ. ಚಂದಮ್ಮ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

ಶೇವಂತಾ ಕೂಸನ್ನೆತ್ತಿಕೊಂಡು ಓಡಿಬಂದಳು. "ಯಾಕಬೇ ಅಳಾಕತ್ತಿ? ದೆವ್ವ ಗಿವ್ವ ಏನೂ ಇಲ್ಲಂತ ಡಾಕ್ಟರ್ ಹೇಳ್ಯಾರಲ್ಲ?"

"ಹೌದವಾ. ಅದಕ್ಕ ಅಳಾಕತ್ತೀನಿ."