ಗೋಡೆಯ ಮೇಲಿನ ಮೀಸೆ

“ಮುಖ ಇನ್ನೊಂಚೂರು ಕೆಟ್ಟದಾಗಿ ಮಾಡೋ! ಕೊಲೆಗಾರನ ಥರ ನೋಡೋ ಅಂದ್ರೆ ಮದುವೆ ಗಂಡಿನ ಥರ ಹಲ್ಲು ಕಿರೀತಾನೆ, ಬೋಳಿಮಗ!”

ಸೀಟಿ ಸಾಹೇಬರು ಹೀಗೆ ಕೂಗುತ್ತಿದ್ದದ್ದು ನನ್ನ ಗಂಡನಿಗೆ. ಅವನು ತಾನೇ ನೀರು ಹಾಯಿಸಿದ್ದ ಹೂವಿನ ಪಾತಿಯಲ್ಲಿ ಬೋರಲು ಬಿದ್ದಿದ್ದ. ಬೆನ್ನ ಮೇಲೊಬ್ಬ, ಒಂದೊಂದು ಕಾಲಿನ ಮೇಲೆ ಒಬ್ಬೊಬ್ಬ, ಹೀಗೆ ಮೂವರು ವಿದ್ಯಾರ್ಥಿಗಳು ಅವನ ಮೇಲೆ ಕೂತು ವಿದ್ಯಾರ್ಜನೆ ಮಾಡುತ್ತಿದ್ದರು. ಹಲ್ಲು ಕಿರಿದದ್ದಲ್ಲ ಅದು, ತುಟಿ ಒಡೆದು ಮೇಲಕ್ಕೆ ಹೋಗಿತ್ತು. ಫೋಟೋದವನು ಬಗ್ಗಿ ಬಗ್ಗಿ ಚಿತ್ರ ತೆಗೆಯುತ್ತಿದ್ದ. ನಾನು ಆ ಕಾಲೇಜಿನ ನೆಲ ಒರೆಸುವವಳು. ವರಾಂಡದಲ್ಲಿ ಬಕೆಟ್ಟು ಹಿಡಿದು ನಿಂತಿದ್ದೆ. ಹತ್ತಿರ ಹೋದರೆ ಕವಾಯತು ಕೆಡುತ್ತದೆ ಎಂದು ಮೊದಲೇ ಹೇಳಿದ್ದರು.

ವಿಷಯ ಇಷ್ಟೇ. ಎಲ್ಲೋ ಯಾವುದೋ ಕಾಲೇಜಿಗೆ ಯಾರೋ ಚಾಕು ಹಿಡಿದು ನುಗ್ಗಿದ್ದನಂತೆ. ಅದಕ್ಕೆ ಎಲ್ಲ ಕಾಲೇಜುಗಳೂ ಅಪಾಯಕ್ಕೆ ತಯಾರಾಗಬೇಕು, ನೋಡಲು ಸಮಿತಿ ಬರುತ್ತದೆ ಎಂದು ಮೇಲಿನಿಂದ ಅಪ್ಪಣೆಯಾಯಿತು. ಪ್ರಾಂಶುಪಾಲರು ಒಬ್ಬ ಭದ್ರತಾಧಿಕಾರಿಯನ್ನು ತಂದರು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಗುಡಿಸುವವರೆಲ್ಲ ಸೇರಿ ಅವರಿಗೆ ಸೀಟಿ ಸಾಹೇಬ ಎಂದು ಹೆಸರಿಟ್ಟೆವು. ಅವರು ಬಂದವರೇ ಗೋಡೆಗೋಡೆಗೆ ಕೆಂಪು ಗುಂಡಿ ಹಾಕಿಸಿದರು. ಒತ್ತಿದರೆ ಕಟ್ಟಡಕ್ಕೆ ಕಟ್ಟಡವೇ ಊಳಿಡುತ್ತದೆ. ಆಮೇಲೆ ಅಣಕು ಕವಾಯತು ಎಂದರು. ಅದಕ್ಕೊಬ್ಬ ದುಷ್ಟ ಬೇಕಲ್ಲ? ವಿದ್ಯಾರ್ಥಿಗಳು ಒಲ್ಲೆ ಎಂದರು, ಅಪ್ಪಂದಿರು ಬಂದು ಕೇಳುತ್ತಾರೆ. ಮೇಷ್ಟರುಗಳು ಒಲ್ಲೆ ಎಂದರು, ಮರ್ಯಾದೆಯ ಪ್ರಶ್ನೆ. ತೋಟದಲ್ಲಿ ಕಳೆ ಕೀಳುತ್ತಿದ್ದ ನನ್ನ ಗಂಡನನ್ನು ಯಾರೂ ಕೇಳಲೇ ಇಲ್ಲ.

“ಆ ಮೀಸೆ ನೋಡಿ ಸಾರ್,” ಎಂದರಂತೆ ಸೀಟಿ ಸಾಹೇಬರು. “ದೇವರೇ ಈ ಪಾತ್ರಕ್ಕೆ ಅಂತ ಮಾಡಿ ಕಳಿಸಿದಾನೆ.”

ನನ್ನ ಗಂಡನನ್ನು ಎಲ್ಲರೂ ಕರೆಯುವುದೇ ಮೀಸೆ ಎಂದು. ಅವನಿಗೆ ಅಪ್ಪನಿಂದ ಬಂದ ಆಸ್ತಿ ಅದೊಂದೇ, ಪಾಲು ಕೇಳಲು ತಂಗಿಯೂ ಬರುವಂತಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಆವತ್ತು ಜಟ್ಟಿಗಳು ಯಾರೂ ಬೀಳಲಿಲ್ಲ; ಮಣ್ಣಾದದ್ದು ಮೀಸೆಯೇ.

ಎಲ್ಲ ಮುಗಿದ ಮೇಲೆ ಪ್ರಾಂಶುಪಾಲರು ಅವನಿಗೊಂದು ಲೋಟ ಟೀ ಕೊಡಿಸಿ, ಕೆಸರಾಗದ ಕಡೆ ಹುಡುಕಿ ಭುಜ ತಟ್ಟಿದರು. “ಒಳ್ಳೆ ನಟ ಕಣಯ್ಯ ನೀನು!”

“ನಟನೆ ಅಲ್ಲ ಸಾರ್, ಮಂಡಿ ನಿಜವಾಗ್ಲೂ ಊದಿದೆ.”

“ಅದನ್ನೇ ನಾನು ಹೇಳಿದ್ದು. ಎಷ್ಟು ಸಹಜ!”

ಸ್ವಲ್ಪ ದಿನಕ್ಕೆ ಅವನ ಫೋಟೋ ಕಾಲೇಜಿನ ಗೋಡೆಗಳಿಗೆ ಬಂತು. ಹೊಳೆಯುವ ಕಾಗದ, ಬಣ್ಣ, ಕೆಳಗೆ ದಪ್ಪ ದಪ್ಪ ಅಕ್ಷರ. ನನಗೆ ಓದು ಬರುವುದಿಲ್ಲ. ಆದರೆ ಕಾಲೇಜಿನ ಗೋಡೆಗೆ ಎಂಥವರ ಫೋಟೋ ಹಾಕುತ್ತಾರೆ ಎಂಬುದು ದಿನಾ ಧೂಳು ಹೊಡೆಯುವವಳಿಗೆ ಗೊತ್ತಿರುತ್ತದೆ: ಕಟ್ಟಿಸಿದವರದು, ದಾನ ಕೊಟ್ಟವರದು, ಮೊದಲನೇ ಸ್ಥಾನ ಬಂದವರದು. ಆ ಸಾಲಿನಲ್ಲಿ ನನ್ನ ಗಂಡ! ಮಂಡಿ ಊದಿದ್ದಕ್ಕೆ ಕೊಟ್ಟ ಮರ್ಯಾದೆ ಇರಬೇಕು ಅಂದುಕೊಂಡೆ. ಮಿಕ್ಕವರ ಫೋಟೋಗಳಿಗೆ ಬರೀ ಒಣ ಬಟ್ಟೆ. ಇವನಿಗೆ ಮಾತ್ರ ಮೊದಲು ಹಸಿ ಬಟ್ಟೆ, ಆಮೇಲೆ ಒಣ ಬಟ್ಟೆ. ಅವನೂ ಕಿಟಕಿಯಿಂದ ಇಣುಕಿ, “ಎಡಗಡೆ ಮೀಸೆ ಮೇಲೆ ಧೂಳಿದೆ ನೋಡೇ,” ಎನ್ನುತ್ತಿದ್ದ. ಮಿಕ್ಕಿದ್ದ ಒಂದು ಪೋಸ್ಟರನ್ನು ಸುರುಳಿ ಸುತ್ತಿ ಮನೆಗೂ ತಂದೆ. ಅತ್ತೆ ಅದನ್ನು ಬಾಗಿಲಿಗೆ ಎದುರಾಗಿ ಅಂಟಿಸಿ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು.

ಒಂದು ಸಂಜೆ ನಾದಿನಿ ಬಂದಳು. ಹೊಲಿಗೆ ಅಂಗಡಿಯಲ್ಲಿ ಕೆಲಸ, ಏಳನೆಯ ತರಗತಿವರೆಗೆ ಓದು, ನಾಲಿಗೆ ಸೂಜಿಗಿಂತ ಚೂಪು.

“ಯಾವ ಮುಂಡೇದು ಇದನ್ನ ಇಲ್ಲಿ ಅಂಟಿಸಿದ್ದು?”

“ನಾನೇ ಕಣೇ,” ಎಂದರು ಅತ್ತೆ. “ನಿಮ್ಮಣ್ಣಂಗೆ ಸನ್ಮಾನ ಮಾಡಿದಾರೆ.”

ನಾದಿನಿ ಬೆರಳಿಟ್ಟು ಓದಿದಳು. “ಎಚ್ಚರ! ಇಂಥ ವ್ಯಕ್ತಿ ಕಂಡರೆ ಮಾತನಾಡಿಸಬೇಡಿ. ಹತ್ತಿರ ಹೋಗಬೇಡಿ. ಕೂಡಲೇ ಕೆಂಪು ಗುಂಡಿ ಒತ್ತಿ, ಹೊರಗೆ ಓಡಿ.”

ನನ್ನ ಗಂಡ ಗೋಡೆ ನೋಡಿದ, ನೆಲ ನೋಡಿದ, ಕೊನೆಗೆ ತನ್ನ ಕೈ ನೋಡಿಕೊಂಡ.

“ಹೆರೋವಾಗ ಇದನ್ನ ಯಾರೂ ಹೇಳಲಿಲ್ವಲ್ಲೇ,” ಎಂದರು ಅತ್ತೆ. “ಹೇಳಿದ್ರೆ ನಾನೂ ಆಗಲೇ ಎದ್ದು ಓಡ್ತಿದ್ದೆ.”

ಅಷ್ಟರಲ್ಲಿ ಕಾಲೇಜು ಪಾಠ ಕಲಿತುಬಿಟ್ಟಿತ್ತು. ಒಬ್ಬ ಹುಡುಗಿಯ ಛತ್ರಿ ಬಿತ್ತೆಂದು ಇವನು ಎತ್ತಿಕೊಡಲು ಹೋದ. ಅವಳು ಕಿರುಚಿ ಗುಂಡಿ ಒತ್ತಿದಳು. ಪರೀಕ್ಷೆ ಬರೆಯುತ್ತಿದ್ದವರೆಲ್ಲ ಹೊರಗೋಡಿ ಬಂದು, ಗೊತ್ತಿಲ್ಲದ ಉತ್ತರಗಳನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡು, ಧೈರ್ಯವಾಗಿ ಒಳಗೆ ಹೋದರು. ಅಲ್ಲಿಂದ ಪರೀಕ್ಷೆ ಕಷ್ಟವಾದಾಗೆಲ್ಲ ಯಾರಿಗಾದರೂ ಮೀಸೆ ಕಾಣಿಸತೊಡಗಿತು.

ಸೀಟಿ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು.

“ನಿನ್ನಿಂದ ಭದ್ರತೆಗೆ ಧಕ್ಕೆ ಆಗ್ತಿದೆ ಕಣೋ.”

“ಆ ಪೋಸ್ಟರ್ ತೆಗೆಸಿಬಿಡಿ ಸಾರ್.”

“ಲೇ, ಅದಕ್ಕೆ ಎಷ್ಟು ಖರ್ಚಾಗಿದೆ ಗೊತ್ತೇನೋ? ನಿನ್ನ ತೆಗೆಯೋಕೆ ಏನೂ ಖರ್ಚಿಲ್ಲ.”

ನಾನು ನಡುವೆ ಬಾಯಿ ಹಾಕಿದೆ. “ಮಣ್ಣು ತಿಂದೋನೂ ಅವನೇ, ಕೆಲಸ ಹೋಗೋದೂ ಅವನದೇನಾ ಸಾರ್?”

“ನೀನು ನೆಲ ನೋಡ್ಕೊಂಡು ನಿಂತ್ಕೋ. ಒರೆಸಿದ್ದು ಸಾಲ್ದು ಅಲ್ಲಿ.” ಆಮೇಲೆ ದೊಡ್ಡ ಮನಸ್ಸು ಮಾಡಿದರು. “ಹೋಗು, ಮೀಸೆ ಬೋಳಿಸ್ಕೊಂಡು ಬಾ. ಕೆಲಸ ಇರುತ್ತೆ.”

ಬೋಳಿಸಿದ್ದು ನಾನೇ. ಮುಗಿದಾಗ ಮೇಲ್ದುಟಿ ಎಳೆಗೂಸಿನದರ ಹಾಗೆ ಬಿಳಿಚಿಕೊಂಡಿತ್ತು. ಅತ್ತೆ ಒಮ್ಮೆ ನೋಡಿ ಒಳಗೆ ಹೋದರು.

ಮಾರನೆಯ ದಿನ ಗೇಟಿನಲ್ಲಿ ಕಾವಲುಗಾರ ತಡೆದ. ಎಷ್ಟೋ ವರ್ಷ ನಮ್ಮ ಜೊತೆ ಟೀ ಹಂಚಿಕೊಂಡು ಕುಡಿದವನೇ.

“ಈ ಗುರುತಿನ ಚೀಟೀಲಿ ಮೀಸೆ ಇದೆ. ನಿನಗಿಲ್ಲ.”

“ಲೋ, ನಾನೇ ಕಣೋ!”

“ನೀನೇ ಅಂತ ನಂಗೊತ್ತು, ಚೀಟಿಗೆ ಗೊತ್ತಿಲ್ಲ. ತಾಳೆ ಆಗಲಿಲ್ಲ ಅಂದ್ರೆ ಅವರಪ್ಪ ಬಂದ್ರೂ ಬಿಡಬೇಡ ಅಂದಿದಾರೆ ಸಾಹೇಬ್ರು. ನನ್ನ ಹೊಟ್ಟೆ ಮೇಲೆ ಹೊಡೀಬೇಡ ಕಣಣ್ಣ, ಹೋಗು.”

ಹೊಸ ಚೀಟಿ ಬೇಕಾದರೆ ಕಚೇರಿಗೆ ಹೋಗಬೇಕು. ಕಚೇರಿ ಇರುವುದು ಗೇಟಿನ ಒಳಗೆ. ಮೀಸೆ ಇದ್ದರೆ ಕೊಲೆಗಾರ, ಇಲ್ಲದಿದ್ದರೆ ಯಾರೋ. ಕೆಲವು ದಿನ ಹೊರಗೇ ನಿಂತ. ಹೇಳದೆ ಕೇಳದೆ ಕೆಲಸ ತಪ್ಪಿಸಿದವನೆಂದು ಅವನನ್ನು ತೆಗೆದುಹಾಕಿದರು. ಪೋಸ್ಟರ್ ಮಾತ್ರ ಕೆಲಸದಲ್ಲಿ ಉಳಿಯಿತು. ಅದನ್ನು ಒರೆಸುವ ಕೆಲಸ ನನಗುಳಿಯಿತು.

ಸಮಿತಿ ಬರುವ ಹಿಂದಿನ ದಿನ ಸೀಟಿ ಸಾಹೇಬರು ಗುಡಿಸುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬಾಯಿಪಾಠ ಮಾಡಿಸಿದರು.

“ಇಂಥವನು ಕಂಡ್ರೆ?”

“ಮಾತಾಡಿಸಲ್ಲ, ಹತ್ತಿರ ಹೋಗಲ್ಲ, ಗುಂಡಿ ಒತ್ತಿ ಓಡ್ತೀವಿ.”

ನನ್ನ ಮುಂದೆ ಬಂದು ನಿಂತರು. “ನಿನ್ನ ಗಂಡನೇ ಆದ್ರೂ?” ಎಂದು ಕಿಸಕ್ಕನೆ ನಕ್ಕರು. ಜೊತೆಯವರು ತಲೆ ತಗ್ಗಿಸಿದರು.

“ನನ್ನ ಗಂಡನೇ ಆದ್ರೂ ಸಾರ್.”

“ಭೇಷ್! ನೋಡಿ ಕಲೀರೇ ಇವಳನ್ನ.”

ಆ ಸಂಜೆ ನಾದಿನಿ ಅಂಗಡಿಯ ಕಪ್ಪು ದಾರದಿಂದ ಒಂದು ಮೀಸೆ ಹೊಲಿದಳು. ಮನೆಯ ಪೋಸ್ಟರನ್ನು ಅತ್ತೆ ಕಿತ್ತಿರಲಿಲ್ಲ. ಕೆಳಗಿನ ಅಕ್ಷರಗಳನ್ನಷ್ಟೇ ಕತ್ತರಿಸಿ ಒಲೆಗೆ ಹಾಕಿ, ಮಗನ ಮುಖ ಉಳಿಸಿಕೊಂಡಿದ್ದರು. ಅದನ್ನೇ ನೋಡಿಕೊಂಡು ತುದಿ ತಿರುವಿದಳು.

“ಅಲ್ಲಾಡಬೇಡ ಅಣ್ಣ. ಯಾವ ಗಿರಾಕೀದೂ ಇಷ್ಟು ಸಲ ಅಳತೆ ತಗೊಂಡಿಲ್ಲ ನಾನು.”

“ಒದೆ ಬೀಳುತ್ತೆ ಕಣೇ,” ಎಂದ ಅವನು, ನನ್ನ ಕಡೆ ತಿರುಗಿ.

“ಹೋದ ಸಲ ಅವರಿಗೋಸ್ಕರ ತಿಂದೆ. ಬಿದ್ರೆ ಈ ಸಲ ನಮಗೋಸ್ಕರ ಬೀಳಲಿ.”

ಮಾರನೆಯ ದಿನ ಅವನು ಕಾಲೇಜಿನ ಹಿಂಬಾಗಿಲಿನಿಂದ ಕಸದ ಗಾಡಿ ತಳ್ಳಿಕೊಂಡು ಬಂದ. ಕಸದ ಗಾಡಿಗೆ ಗುರುತಿನ ಚೀಟಿ ಕೇಳುವಷ್ಟು ಭದ್ರತೆ ಇನ್ನೂ ಬಂದಿರಲಿಲ್ಲ. ಸಭಾಂಗಣದಲ್ಲಿ ಸಮಿತಿಯವರು ಮೆತ್ತನೆಯ ಕುರ್ಚಿಗಳಲ್ಲಿ ಕೂತಿದ್ದರು. ವೇದಿಕೆಯ ಮೇಲೆ ಸೀಟಿ ಸಾಹೇಬರು ಪೋಸ್ಟರಿಗೆ ಕೋಲು ತಾಗಿಸಿ ಹೇಳುತ್ತಿದ್ದರು: “ನಮ್ಮಲ್ಲಿ ಕಸ ಗುಡಿಸೋಳಿಗೂ ಗೊತ್ತು ಸಾರ್, ಇವನು ಕಂಡ್ರೆ ಏನು ಮಾಡಬೇಕು ಅಂತ.”

ಪಕ್ಕದ ಬಾಗಿಲು ತೆರೆಯಿತು. ಕವಾಯತಿನ ದಿನದ್ದೇ ಕರಿ ಅಂಗಿ, ಅದೇ ಮೀಸೆ. ಮಂಡಿ ಎಳೆದುಕೊಂಡು ಮೆಲ್ಲಗೆ ನಡೆದುಬಂದು ಮುಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತ. ಪಕ್ಕದವರು ಹೊಸ ಸದಸ್ಯರಿರಬೇಕೆಂದು ತುಸು ಸರಿದು ಜಾಗ ಕೊಟ್ಟರು. ಆಮೇಲೆ ಅವನನ್ನು ನೋಡಿದರು, ಗೋಡೆ ನೋಡಿದರು, ಮತ್ತೆ ಅವನನ್ನು ನೋಡಿದರು.

ನಾನು ಮಾತಾಡಿಸಲಿಲ್ಲ. ಹತ್ತಿರ ಹೋಗಲಿಲ್ಲ. ಬಕೆಟ್ಟು ಕೆಳಗಿಟ್ಟು ಗುಂಡಿ ಒತ್ತಿದೆ.

ಕಟ್ಟಡ ಊಳಿಟ್ಟಿತು. ಅಷ್ಟು ಜನ ದೊಡ್ಡವರು ಅಷ್ಟು ಚುರುಕಾಗಿ ಏಳಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಪ್ರಾಂಶುಪಾಲರ ಒಂದು ಬೂಟು ಬಾಗಿಲಲ್ಲೇ ಉಳಿಯಿತು. ಸಮಿತಿ ಓಡಿದ ಮೇಲೆ ಸೀಟಿ ಸಾಹೇಬರು ನಿಲ್ಲುವಂತಿಲ್ಲ. ನಿಂತರೆ ಅವರಿಗೇ ಕವಾಯತು ಬರುವುದಿಲ್ಲ ಎಂದಾಗುತ್ತದೆ. ನನ್ನ ಕಡೆ ಕೋಲು ಬೀಸಿ ಏನೋ ಬೈದು, ಅವರೂ ಓಡಿದರು. ‘ಹೊರಗೆ ಓಡಿ’ ಎಂಬುದೊಂದು ನನಗೆ ಮರೆತುಹೋಯಿತು.

ಹೋಗಿ ಅವನ ಪಕ್ಕದಲ್ಲಿ ಕೂತೆ. ದಿನಾ ಒರೆಸುತ್ತಿದ್ದ ಕುರ್ಚಿ ಇಷ್ಟು ಮೆತ್ತಗಿದೆ ಎಂದು ಆವತ್ತೇ ತಿಳಿದದ್ದು. ಊಳು ನಿಂತ ಮೇಲೆ ಹೊರಗಿನ ಧ್ವನಿವರ್ಧಕ ಕೇಳಿಸಿತು: “ಎಲ್ಲರೂ ಸುರಕ್ಷಿತವಾಗಿದಾರೆ ಸಾರ್. ಒಳಗೆ ಯಾರೂ ಇಲ್ಲ.”

“ಕೇಳಿದ್ಯಾ? ಯಾರೂ ಇಲ್ವಂತೆ,” ಎಂದ ಅವನು.

“ಒಳ್ಳೇದಾಯ್ತು. ಕಾಲು ಚಾಚಿ ಕೂತ್ಕೋ.”

ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ಅವನ ಕೈ ತಾನಾಗಿಯೇ ಮಂಡಿಗೆ ಹೋಯಿತು. ನಾನು ಅವನ ತುಟಿಯ ಮೇಲಿನ ಮೀಸೆ ಕಿತ್ತು ನನ್ನ ಮೂಗಿನ ಕೆಳಗೆ ಒತ್ತಿಕೊಂಡೆ. ಅಂಟು ಇನ್ನೂ ಬೆಚ್ಚಗಿತ್ತು. ಬಾಗಿಲು ಧಡಾರನೆ ತೆರೆಯಿತು. ಆವತ್ತು ಅವನ ಮೇಲೆ ಕೂತಿದ್ದ ಆ ಮೂವರೇ. ನನ್ನನ್ನು ನೋಡಿದರು, ಅವನನ್ನು ನೋಡಿದರು, ಗೋಡೆ ನೋಡಿದರು.

“ಯಾರನ್ನೋ ಹಿಡಿಯೋದು?” ಎಂದ ಒಬ್ಬ.

ನಾನು ಎದ್ದು ಪೋಸ್ಟರಿನ ಕೆಳಗೆ ಹೋಗಿ ನಿಂತೆ.

“ಅಲ್ಲೇ ನಿಲ್ರೋ! ಹತ್ತಿರ ಬರಬೇಡಿ ಅಂತ ಇಷ್ಟು ದಪ್ಪಗೆ ಬರೆದಿದಾರಲ್ಲ. ಕಾಲೇಜಿಗೆ ಬರ್ತೀರಿ, ಓದೋಕೆ ಬರಲ್ವಾ?”