ಎದ್ದು ನಿಲ್ಲುವ ಸೊಸೆ

ಮೂಡಲಪಾಳ್ಯದ ಆ ಮನೆಯಲ್ಲಿ ಬೆಳಗಿನ ಜಗಳವೆಂದರೆ ಮುದ್ದೆಯದ್ದೇ. ಎಂಬತ್ಮೂರರ ಚಿಕ್ಕಗಂಗಮ್ಮನ ಬಾಯಲ್ಲಿ ಹಲ್ಲಿಲ್ಲ, ನಾಲಿಗೆ ಮಾತ್ರ ಗಟ್ಟಿಮುಟ್ಟು.

“ಏನೇ ಇದು, ನಿಂಬೆಹಣ್ಣಾ? ವಯಸ್ಸಾಯ್ತು, ಮೆತ್ತಗೆ ಮಾಡು ಅಂದೆ. ಸಣ್ಣದು ಮಾಡು ಅಂದ್ನಾ?”

“ತಪ್ಪಾಯ್ತು ಅತ್ತೆ,” ಎಂದು ಸೊಸೆ ಜ್ಯೋತಿಲಕ್ಷ್ಮಿ ಇನ್ನೊಂದು ಮುದ್ದೆ ಕಟ್ಟಿದಳು. ಅವಳ ಮನಸ್ಸು ಅಲ್ಲಿರಲಿಲ್ಲ. ವೆಂಕಟರಮಣಪ್ಪ ಮೇಷ್ಟ್ರಿಗೆ ಎಷ್ಟು ಶಿಕ್ಷೆ ಎಂದು ಕೋರ್ಟು ಹೇಳುವ ದಿನ ಅದು.

ರಾಜಾಜಿನಗರದ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಅವನು ಟ್ಯೂಷನ್ ಮಾಡುತ್ತಿದ್ದಾಗ ಜ್ಯೋತಿಗೆ ಹತ್ತು ವರ್ಷ. ಉಳಿದ ಮಕ್ಕಳನ್ನು ಕಳಿಸಿ, ಅವಳೊಬ್ಬಳನ್ನೇ ಉಳಿಸಿಕೊಂಡು ಆ ಮನುಷ್ಯ ಮಾಡಿದ ಅತ್ಯಾಚಾರವನ್ನು ಅವಳು ಮೂವತ್ತೈದು ವರ್ಷ ನುಂಗಿಕೊಂಡಿದ್ದಳು. ಒಂದು ದಿನ ಅವರೆಕಾಯಿ ಸುಲಿಯುತ್ತಾ ಅತ್ತೆಯೆದುರು ಬಾಯಿಬಿಟ್ಟಳು. ಗಂಡನಿಗಿಂತ ಮೊದಲು ಅತ್ತೆಗೆ ಹೇಳಿಕೊಳ್ಳುವ ಸೊಸೆಯರು ಈ ಲೋಕದಲ್ಲಿ ಎಷ್ಟಿದ್ದಾರೋ! ಮುದುಕಿ ಮೊರವನ್ನು ಬದಿಗೆ ತಳ್ಳಿ, “ನಡಿ ಸ್ಟೇಷನ್‌ಗೆ,” ಎಂದಿದ್ದಳು.

ಜ್ಯೋತಿಯ ಹಿಂದೆಯೇ, ಅದೇ ಟ್ಯೂಷನ್ನಿಗೆ ಹೋಗುತ್ತಿದ್ದ ಇನ್ನಿಬ್ಬರು ಹೆಂಗಸರು ಬಂದು ಸಾಕ್ಷಿ ನುಡಿದರು. ಅಪರಾಧ ಸಾಬೀತಾಯಿತು. ಅಪರಾಧ ನಡೆದ ಕಾಲದ ಕಾನೂನಿನಂತೆ ಕನಿಷ್ಠ ಹತ್ತು ವರ್ಷ ಜೈಲು. ವಿಶೇಷ ಕಾರಣವಿದ್ದರೆ ಜಡ್ಜ್ ಅದನ್ನು ಇಳಿಸಬಹುದು. ಅವನ ವಕೀಲರು ಮುಪ್ಪೇ ಆ ಕಾರಣ ಎನ್ನುತ್ತಿದ್ದರು. ನಿನಗೇನನ್ನಿಸುತ್ತದೆ ಎಂದು ಜಡ್ಜ್ ತನ್ನನ್ನು ಕೇಳಿದರೆ? ಪಕ್ಕದ ಮನೆಯವರು ಸಕ್ಕರೆ ಕೇಳಿದರೆ ಡಬ್ಬಿಯನ್ನೇ ಕೊಟ್ಟುಬಿಡುವ ಹೆಂಗಸು ಅವಳು. ಮುದುಕನನ್ನು ಜೈಲಿಗೆ ಹಾಕಿ ಎನ್ನಲು ತನ್ನಿಂದ ಆದೀತೇ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಕೋರ್ಟಿನ ಹಜಾರದ ಬೆಂಚಿನಲ್ಲಿ ಅತ್ತೆ ಸೊಸೆ ಕೂತಿದ್ದಾಗ, ಪೊಲೀಸರ ನಡುವೆ ಅವನು ಕೋಲೂರಿಕೊಂಡು ಬಂದ. ಎಪ್ಪತ್ತೇಳರ ಬಾಗಿದ ಬೆನ್ನು. ಜ್ಯೋತಿ ತಟ್ಟನೆ ಎದ್ದು ನಿಂತು ಜಾಗ ಬಿಟ್ಟಳು! ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇದು ಹುಟ್ಟುಗುಣವೂ ಅಲ್ಲ. ಹಿರಿಯರು ಬಂದರೆ ಎದ್ದೇಳಬೇಕು ಎಂದು ಅವಳಿಗೆ ಕಲಿಸಿದವನೂ ಅವನೇ.

ಚಿಕ್ಕಗಂಗಮ್ಮ ಸೊಸೆಯ ಸೆರಗು ಹಿಡಿದು ಜಗ್ಗಿದಳು. “ಕೂತ್ಕೊಳೇ! ವಯಸ್ಸಿಗೇ ಮರ್ಯಾದೆ ಅನ್ನೋದಾದ್ರೆ ನಾನು ಅವನಿಗಿಂತ ಆರು ವರ್ಷ ದೊಡ್ಡೋಳು. ನನ್ ಮುಂದೆ ಅವನೇ ನಿಂತ್ಕೊಳ್ಲಿ.”

ಅವನು ನಿಂತೇ ಇದ್ದ. ಜ್ಯೋತಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಒಳಗೆ ವಕೀಲರು ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಎಲ್ಲವನ್ನೂ ಹೇಳಿ ಮುಗಿಸಿದರು. ಜಡ್ಜ್ ಮೇಡಂ ಜ್ಯೋತಿಯ ಕಡೆ ತಿರುಗಿ, “ಏನಾದ್ರೂ ಹೇಳೋದಿದ್ಯಾಮ್ಮ?” ಎಂದು ಕೇಳಿದರು. ಅವಳು ಎದ್ದು ನಿಂತಳು. ಈ ಸಲ ಅತ್ತೆ ಸೆರಗು ಜಗ್ಗಲಿಲ್ಲ.

“ಮೇಡಂ, ನಮ್ಮತ್ತೆಗೆ ಹಲ್ಲಿಲ್ಲ. ಮುದ್ದೆ ಮೆತ್ತಗೆ ಮಾಡ್ಕೊಡ್ತೀನಿ. ಸಣ್ಣದು ಮಾಡಿದ್ರೆ ಮಾತ್ರ ಬೈತಾರೆ. ಇವ್ರಿಗೂ ಜೈಲಲ್ಲಿ ಮಂಚ ಕೊಡಿ, ಮಾತ್ರೆ ಕೊಡಿ, ಡಾಕ್ಟ್ರಿಗೆ ತೋರ್ಸಿ. ವಯಸ್ಸಾದವ್ರು, ಹಿಂಸೆ ಆಗ್ಬಾರ್ದು. ಆದ್ರೆ ಶಿಕ್ಷೆ ಸಣ್ಣದು ಮಾಡ್ಬೇಡಿ. ಅವತ್ತು ಇವ್ರು ನನ್ ವಯಸ್ಸು ನೋಡ್ಲಿಲ್ಲ.”

ಮಧ್ಯಾಹ್ನ ತೀರ್ಪು ಬಂತು. ಪೂರ್ತಿ ಹತ್ತು ವರ್ಷ, ಜೊತೆಗೆ ಜೈಲಿನಲ್ಲಿ ಅವನ ಚಿಕಿತ್ಸೆ ತಪ್ಪಬಾರದೆಂಬ ಆದೇಶ. ಜ್ಯೋತಿಗೆ ಕುಣಿಯುವಷ್ಟು ಸಂತೋಷವೇನೂ ಆಗಲಿಲ್ಲ. ಅತ್ತೆಯ ಕೈ ಹಿಡಿದು ಬಸ್‌ಸ್ಟಾಪಿನ ಕಡೆ ನಡೆದಳು.

ವಾಪಸ್ ಬರುವಾಗ ಬಸ್ಸು ತುಂಬಿ ತುಳುಕುತ್ತಿತ್ತು. ಕಾಲೇಜು ಹುಡುಗಿಯೊಬ್ಬಳು, “ಅಜ್ಜಿ, ಕೂತ್ಕೊಳ್ಳಿ,” ಎಂದು ಎದ್ದಳು. ಚಿಕ್ಕಗಂಗಮ್ಮ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಸೊಸೆಯ ಹೆಗಲನ್ನು ಆ ಸೀಟಿನ ಕಡೆ ಒತ್ತಿದಳು.

“ಅಯ್ಯೋ ಅತ್ತೆ, ನೀವು ಕೂತ್ಕೊಳ್ಳಿ…”

“ಸುಮ್ನೆ ಕೂತ್ಕೊ ಮಗಳೇ. ಹತ್ತು ವರ್ಷದವಳಿದ್ದಾಗಿಂದ ನಿಂತೇ ಇದೀಯ.”

ಜ್ಯೋತಿ ಕೂತಳು. ವಿಜಯನಗರ ಬರುವವರೆಗೂ ಅತ್ತೆಯ ಸೊಂಟಕ್ಕೆ ತಲೆಯಿಟ್ಟು ಅತ್ತಳು.