ಅತ್ತೆಯ ಪಕ್ಕದ ಸೀಟು

ಉಗಾಂಡದ ನಮ್ಮ ಗಾಂಡಾ ಜನರಲ್ಲಿ ಅಳಿಯ ಅತ್ತೆಯ ಮುಖ ನೋಡುವಂತಿಲ್ಲ, ಅತ್ತೆ ಅಳಿಯನ ಮುಖ ನೋಡುವಂತಿಲ್ಲ. ಮುಟ್ಟುವುದಂತೂ ದೂರದ ಮಾತು. ಹನ್ನೊಂದು ವರ್ಷ ಇದನ್ನು ಚಾಚೂ ತಪ್ಪದೆ ಪಾಲಿಸಿದವನು ನಾನು. ಅಂಥವನನ್ನು ಎಂಟೆಬ್ಬೆಯ ವಿಮಾನ ನಿಲ್ದಾಣದಲ್ಲಿ ಭಾಮೈದ ಕಟೆರೆಗ ನಡುನೀರಿನಲ್ಲಿ ಕೈಬಿಟ್ಟ.

ಅತ್ತೆಗೆ ಮರೆವಿನ ಕಾಯಿಲೆ. ಅವರ ಪಕ್ಕದ ಸೀಟು ಮಗ ಕಟೆರೆಗನದು, ನನ್ನದು ಹತ್ತು ಸಾಲು ಹಿಂದೆ. ಕೌಂಟರಿನಲ್ಲಿ ನೋಡಿದರೆ ಮಹಾಶಯನ ಗುರುತಿನ ಚೀಟಿಯ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಅವನನ್ನು ಒಳಗೆ ಬಿಡಲಿಲ್ಲ.

"ಒಂದು ಗಂಟೆ ಪ್ರಯಾಣ ಅಷ್ಟೇ ಭಾವ. ಅಮ್ಮ ನಿದ್ದೆ ಮಾಡ್ತಾಳೆ," ಅಂದ.

"ನಿನ್ನ ತಲೆ," ಅಂದೆ.

ಹಿಂದಿರುಗುವಂತಿರಲಿಲ್ಲ. ನೈರೋಬಿಯ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ನಬಯೆಗೊಗೆ ಮಾರನೆಯ ಬೆಳಿಗ್ಗೆ ತಲೆಯ ಆಪರೇಷನ್. ಅದಕ್ಕೆ ಮುಂಚೆ ಅಮ್ಮನನ್ನು ಒಂದು ಸಲ ನೋಡಬೇಕು ಎಂದಷ್ಟೇ ಕೇಳಿದ್ದಳು.

ನಿಲ್ದಾಣದ ಹೆಂಗಸೊಬ್ಬಳು ಅತ್ತೆಯನ್ನು ಕೈಹಿಡಿದು ಹತ್ತಿಸಿ ಹೋದಳು. ವಿಮಾನದ ಬಾಗಿಲು ಮುಚ್ಚುವ ಹೊತ್ತಿಗೆ ಅತ್ತೆ ಎದ್ದು ನಿಂತರು.

"ಬಾಳೆಕಾಯಿ ಬೇಯೋಕಿಟ್ಟು ಬಂದಿದೀನಿ, ಸೀದು ಹೋಗುತ್ತೆ. ದಾರಿ ಬಿಡಿ."

ಕೂರಿಸಲು ಬಂದ ಗಗನಸಖಿಯ ಕೈಗೆ ಪಟ್ಟನೆ ಏಟು ಬಿತ್ತು. ಅವಳು ಸಿಟ್ಟಾಗಲಿಲ್ಲ, ಆದರೆ ಗಟ್ಟಿಯಾಗಿ ಕೇಳಿದಳು, "ಇವರ ಜೊತೆ ಯಾರಿದ್ದೀರಿ? ಐದು ನಿಮಿಷದಲ್ಲಿ ಕೂರ್ಲಿಲ್ಲ ಅಂದ್ರೆ ಇಳಿಸ್ಬೇಕಾಗುತ್ತೆ."

ನಾನು ಎದ್ದು ಹೋದೆ. ಹೋಗಿ ಏನು ಮಾಡಲಿ? ಮೂರು ಅಡಿ ದೂರದಲ್ಲಿ ತಲೆ ತಗ್ಗಿಸಿ ನಿಂತೆ.

"ಎಂಥ ಮಗನಪ್ಪ, ಹೆತ್ತವಳನ್ನ ಮುಟ್ಟೋಕೂ ಹೇಸ್ತಾನೆ," ಅಂದ ಪಕ್ಕದ ಸಾಲಿನವನೊಬ್ಬ. ಅವನ ಬಾಯಿಗೆ ಬೀಗ ಹಾಕಬೇಕೆನಿಸಿತು.

ಅತ್ತೆ ಬಾಗಿಲ ಕಡೆ ಹೆಜ್ಜೆ ಇಟ್ಟರು. ಆಗ ಬಾಯಿಗೆ ಬಂದದ್ದು ಇದೊಂದೇ.

"ಅಮ್ಮ, ನಾನು ನಿಮ್ಮ ಅಳಿಯ. ಸೆಮ್ವಾಂಗ."

ಅವರು ಗಕ್ಕನೆ ನಿಂತರು. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು, ಹಿಂದೆ ಸರಿದು, ಕಿಟಕಿಯ ಮೂಲೆಯಲ್ಲಿ ಮುದುಡಿ ಕೂತರು. ಊರು ಮರೆತಿತ್ತು, ಗಂಡ ಸತ್ತದ್ದು ಮರೆತಿತ್ತು, ಇದು ಮರೆತಿರಲಿಲ್ಲ. ಗಗನಸಖಿ ಬೆಲ್ಟ್ ಬಿಗಿದಳು.

"ನೀವೂ ಕೂತ್ಕೊಳ್ಳಿ, ಇಲ್ಲೇ," ಎಂದಳು ನನಗೆ.

ಕೂತೆ. ದೂರ ಹೋದರೆ ಮತ್ತೆ ಏಳುತ್ತಾರಲ್ಲ. ವಿಮಾನ ಮೇಲೇರಿತು. ಹೊದಿಕೆಯೊಳಗೆ ಅವರು ನಡುಗುತ್ತಿದ್ದರು. ನಾಚಿಕೆಯನ್ನೇ ಹಗ್ಗ ಮಾಡಿ ಮುದುಕಿಯನ್ನು ಕಟ್ಟಿಹಾಕಿದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸರೋವರ ದಾಟುವಷ್ಟರಲ್ಲಿ ನಡುಕ ನಿಂತಿತು. ಹೊದಿಕೆ ಜಾರಿತು. ನಾನು ಮುಖ ಆಚೆ ತಿರುಗಿಸಿದೆ. ಅವರ ಕೈ ನನ್ನ ತೋಳು ಹಿಡಿಯಿತು.

"ಯಾರ ಮಗನಪ್ಪ ನೀನು? ಮದುವೆ ಆಗಿದೆಯಾ?"

ಆಗಿದೆ ಎಂದರೆ ಯಾರ ಜೊತೆ ಎಂದು ಕೇಳುತ್ತಾರೆ, ಮತ್ತೆ ಆ ನಡುಕ. ಆಗಿಲ್ಲ ಎನ್ನಲು, ನಾಳೆ ಬೆಳಿಗ್ಗೆಯ ಆಪರೇಷನ್ ನೆನೆದು, ನಾಲಿಗೆ ಹೊರಳಲಿಲ್ಲ.

ಕೊನೆಗೆ, "ಇಲ್ಲಮ್ಮ," ಅಂದೆ.

"ನನ್ನ ಮಗಳಿದಾಳೆ, ನಬಯೆಗೊ. ಸ್ವಲ್ಪ ಹಟಮಾರಿ. ಮನಸ್ಸು ಮಾತ್ರ ಅಪ್ಪಟ ಬೆಣ್ಣೆ. ಮಾಡ್ಕೋತೀಯಾ?"

"ಕೊಡ್ತೀರಾ?" ಎಂದೆ.

"ಕೊಟ್ಟ ಮೇಲೆ ನಿನ್ನ ಮುಖ ನಾನು ನೋಡೋ ಹಾಗಿಲ್ಲ," ಎಂದರು. "ಈಗ್ಲೇ ನೋಡಿಬಿಡ್ತೀನಿ. ಇತ್ತ ತಿರುಗು."

ತಿರುಗಿದೆ.